ಗೋಡೆಗಳಿಗೆ ನೀವು ಬೇಕು

2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯೊಂದನ್ನು ಕೊಳದಂತೆ ಮಾಡಿ, ಅದರಲ್ಲಿ ನಿಜಗಾತ್ರದ ಮೊಸಳೆಯ ಪ್ರತಿಕೃತಿಯನ್ನು ಇಟ್ಟವರು ಬಾದಲ್ ನಂಜುಂಡಸ್ವಾಮಿ. ಮೈಸೂರಿನ ಕಲಾಶಾಲೆ ‘ಕಾವಾ’ದಲ್ಲಿ ಕಲಿತ ಕಲಾವಿದ. ಗ್ಯಾಲರಿಯ ಮೆಟ್ಟಿಲು ಹತ್ತದವರೂ ಆ ಮೊಸಳೆಯನ್ನು ನಿಂತು ನೋಡಿದರು.

ಸ್ಟುಡಿಯೊದಲ್ಲೇ ದುಡಿಯುವ ಗೆಳೆಯರೇ, ಬೀದಿಗೆ ಬರಲು ದೊಡ್ಡ ಯೋಜನೆಗೆ ಕಾಯಬೇಡಿ. ನಿಮ್ಮ ಬಡಾವಣೆಯ ಸರ್ಕಾರಿ ಶಾಲೆಯ ಕಾಂಪೌಂಡ್ ಸಾಕು. ಮುಖ್ಯೋಪಾಧ್ಯಾಯರ ಮತ್ತು ಶಾಲಾಭಿವೃದ್ಧಿ ಸಮಿತಿಯವರ (ಎಸ್‌ಡಿಎಂಸಿ) ಒಪ್ಪಿಗೆಯನ್ನು ಬರಹದಲ್ಲೇ ಪಡೆಯಿರಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಗೋಡೆಯೆದುರು ನಿಂತು ನೋಡಿ: ಬಿಸಿಲು ಎಲ್ಲಿ ಬೀಳುತ್ತದೆ, ಮಳೆನೀರು ಎಲ್ಲಿ ಇಳಿಯುತ್ತದೆ, ಜನ ಎಷ್ಟು ದೂರದಿಂದ ನೋಡುತ್ತಾರೆ. ಬಸ್ಸಿನಲ್ಲಿ ಹೋಗುವವರಿಗೆ ಸಣ್ಣ ಗೆರೆ ಕಾಣುವುದಿಲ್ಲ.

ಎದ್ದ ಸುಣ್ಣ ಕೆರೆದು, ಪ್ರೈಮರ್ ಹೊಡೆದು, ಎಕ್ಸ್‌ಟೀರಿಯರ್ ಎಮಲ್ಷನ್ ಬಳಸಿ. ಸ್ಕೆಚ್ಚಿನ ಮೇಲೆ ಚೌಕ ಎಳೆದು, ಗೋಡೆಯ ಮೇಲೂ ಅಷ್ಟೇ ಸಂಖ್ಯೆಯ ದೊಡ್ಡ ಚೌಕ ಹಾಕಿದರೆ ಚಿತ್ರ ಸರಿಯಾಗಿ ಹಿಗ್ಗುತ್ತದೆ. ಬಣ್ಣ, ಸಾರುವೆ, ಸಹಾಯಕರ ಕೂಲಿಯ ಜೊತೆ ನಿಮ್ಮ ಸಂಭಾವನೆಯನ್ನೂ ಖರ್ಚಿನ ಪಟ್ಟಿಯಲ್ಲಿ ಬರೆಯಿರಿ.

ದಾರಿಹೋಕರು ‘ಇದೇನು?’ ಎಂದು ಕೇಳಿದಾಗ ಬ್ರಷ್ ಕೆಳಗಿಟ್ಟು ಮಾತಾಡಿ. ಅವರಿಗೆ ಆ ಗೋಡೆ ತಮ್ಮದೆನಿಸಿದರೆ ಅದನ್ನು ಕಾಯುವವರೂ ಅವರೇ. ಊರಿನ ನಡುವೆ ಕಲೆ ಉಳಿಯುವುದು ಹಾಗೆಯೇ.