ಅಲ್ಲ ಅನ್ನುವುದರ ಬಗೆಗಳು

ಇಂಗ್ಲಿಷಿನ ‘ಕಾಂಟ್ರಡಿಕ್ಟ್’ ಪದವನ್ನು ಬಿಡಿಸಿ ನೋಡಿದರೆ ಒಳಗೆ ನಮ್ಮ ಮನೆಯ ಮಾತೇ ಸಿಗುತ್ತದೆ. ಲ್ಯಾಟಿನ್ನಿನಲ್ಲಿ ಕಾಂಟ್ರಾ ಎಂದರೆ ಎದುರು, ಡಿಕೆರೆ ಎಂದರೆ ಹೇಳುವುದು. ಎದುರು ಮಾತಾಡುವುದು, ಅಷ್ಟೇ. ಈಗ ಅಷ್ಟಾಗಿ ಬಳಕೆಯಲ್ಲಿಲ್ಲದ ‘ಗೇನ್‌ಸೇ’ ಕೂಡ ಹಾಗೆಯೇ. ಅಲ್ಲಿರುವ ಗೇನ್‌ಗೂ ಲಾಭಕ್ಕೂ ಸಂಬಂಧವಿಲ್ಲ. ಅದು ‘ಅಗೇನ್‌ಸ್ಟ್’ ಪದದೊಳಗೆ ಕೂತಿರುವ ಹಳೆಯ ಗೇನ್, ಅರ್ಥ ಮತ್ತೆ ‘ಎದುರು’.

ನಮ್ಮ ಮನೆಯಲ್ಲಿ ಎದುರು ಮಾತು ಭಾಷೆಯ ವಿಷಯವಾಗಿರಲಿಲ್ಲ, ನಡತೆಯ ವಿಷಯವಾಗಿತ್ತು. ಅಕ್ಕ ಪಿಯುಸಿ ಮುಗಿಸಿದ ವರ್ಷ ಅಪ್ಪ, “ಹಾಸ್ಟೆಲಲ್ಲಿ ಸೀಟಿಲ್ಲವಂತೆ, ಇನ್ನೆಂಥ ಡಿಗ್ರಿ” ಎಂದರು. ಅಕ್ಕ ಸುಮ್ಮನೆ ಒಳಗೆ ಹೋಗಿ, ಸೀಟು ಸಿಕ್ಕಿದೆಯೆಂದು ಹಾಸ್ಟೆಲಿನಿಂದ ಬಂದಿದ್ದ ಕಾಗದ ತಂದು ಅವರ ಮುಂದಿಟ್ಟಳು. ಅಪ್ಪ ಅದನ್ನು ಓದಲಿಲ್ಲ. “ಎದುರುತ್ತರ ಕೊಡುವಷ್ಟು ದೊಡ್ಡವಳಾದೆಯಾ?” ಎಂದರು. ಅವಳು ಬಾಯಿ ಬಿಟ್ಟಿರಲೇ ಇಲ್ಲ. ಆ ವರ್ಷ ಅಕ್ಕ ಕಾಲೇಜಿಗೆ ಹೋಗಲಿಲ್ಲ.

ಮುಂದೆ ಇಂಗ್ಲಿಷ್ ಎಂ.ಎ. ಓದುವಾಗ, ಅಕ್ಕ ಮಾಡಿದ್ದಕ್ಕೆ ಬೇರೆಯೇ ಹೆಸರಿದೆ ಎಂದು ಗೊತ್ತಾಯಿತು: ರೆಫ್ಯೂಟ್. ‘ಡಿನೈ’ ಮಾಡಲು ಬಾಯಿ ಸಾಕು, ‘ಅದು ನಿಜವಲ್ಲ’ ಎಂದರೆ ಮುಗಿಯಿತು. ‘ರಿಬಟ್’ ಎಂದರೆ ಬಂದ ವಾದವನ್ನು ಹಿಂದಕ್ಕೆ ದೂಡುವುದು, ಗೆಲ್ಲಲೇಬೇಕೆಂದಿಲ್ಲ. ‘ರೆಫ್ಯೂಟ್’ಗೆ ಮಾತ್ರ ಪುರಾವೆ ಬೇಕು, ಹೇಳಿದ್ದು ಸುಳ್ಳೆಂದು ತೋರಿಸಿಯೇ ಆ ಪದವನ್ನು ಸಂಪಾದಿಸಬೇಕು. ಕನ್ನಡದಲ್ಲೂ ಅಲ್ಲಗಳೆಯುವುದು, ಪ್ರತಿವಾದ ಹೂಡುವುದು, ಸುಳ್ಳೆಂದು ಸಾಧಿಸುವುದು ಬೇರೆಬೇರೆಯೇ. ಪದಗಳಿಗೆ ಬಡತನವಿರಲಿಲ್ಲ. ಮನೆಯೊಳಗೆ ಮಾತ್ರ ಎಲ್ಲವೂ ಎದುರುತ್ತರ.

ಕೋರ್ಟಿನಲ್ಲಿ ಕಾಂಟ್ರಡಿಕ್ಟ್ ಮಾಡುವುದಕ್ಕೆ ಒಂದು ಮರ್ಯಾದೆಯಿದೆ. 1872ರ ಭಾರತೀಯ ಸಾಕ್ಷ್ಯ ಕಾಯ್ದೆಯ 145ನೇ ಕಲಮಿನ ಪ್ರಕಾರ, ಸಾಕ್ಷಿ ಹಿಂದೆ ಬರವಣಿಗೆಯಲ್ಲಿ ಕೊಟ್ಟ ಹೇಳಿಕೆಯನ್ನೇ ಹಿಡಿದು ಅವನ ಈಗಿನ ಮಾತನ್ನು ಎದುರಿಸಬೇಕೆಂದರೆ, ಆ ಬರಹವನ್ನು ರುಜುವಾತು ಮಾಡುವ ಮೊದಲು ಅದರ ಆಯಾ ಭಾಗಗಳನ್ನು ಅವನ ಗಮನಕ್ಕೆ ತರಬೇಕು. 2024ರ ಜುಲೈನಲ್ಲಿ ಜಾರಿಗೆ ಬಂದ ಹೊಸ ಸಾಕ್ಷ್ಯ ಅಧಿನಿಯಮದಲ್ಲೂ ಈ ನಿಯಮ ಉಳಿದಿದೆ. ಎದುರಾಡು, ಆದರೆ ಮೊದಲು ಕಾಗದ ತೋರಿಸು. ಹದಿನೆಂಟರ ಅಕ್ಕನಿಗೆ ಈ ಕಲಮು ಯಾರು ಹೇಳಿಕೊಟ್ಟಿದ್ದರೋ!

ನಾನೀಗ ಪತ್ರಿಕೆಯೊಂದಕ್ಕೆ ಇಂಗ್ಲಿಷ್ ಸುದ್ದಿಗಳನ್ನು ಕನ್ನಡಕ್ಕೆ ತರುವವಳು. ಇಂಗ್ಲಿಷಿನವರೇ ಈ ಗೆರೆಯನ್ನು ಅಳಿಸುತ್ತಾ ಬಂದಿದ್ದಾರೆ. ಸಚಿವರೊಬ್ಬರು ‘ಇದೆಲ್ಲ ಸುಳ್ಳು’ ಎಂದು ಕಾರು ಹತ್ತಿ ಹೊರಟರೂ ಸುದ್ದಿಯಲ್ಲಿ ಅವರು ಆರೋಪವನ್ನು ‘ರೆಫ್ಯೂಟ್’ ಮಾಡಿರುತ್ತಾರೆ. ನಿಘಂಟುಗಳೂ ಈ ಸಡಿಲ ಅರ್ಥವನ್ನು ದಾಖಲಿಸಿಕೊಂಡಿವೆ. ಭಾಷೆ ಬದಲಾಗುತ್ತದೆ, ಒಪ್ಪುತ್ತೇನೆ. ಆದರೆ ಇಲ್ಲಿ ಲಾಭ ಯಾರಿಗೆ? ಕಾಗದ ತಂದವಳಿಗಲ್ಲ, ಕಾರು ಹತ್ತಿದವರಿಗೆ.

ಹಾಗಾಗಿ ರಾತ್ರಿ ಹನ್ನೊಂದಕ್ಕೆ ಅಂಥ ವರದಿ ಬಂದರೆ ಕೊನೆಯ ಪ್ಯಾರಾದವರೆಗೂ ಓದುತ್ತೇನೆ. ಒಂದು ದಾಖಲೆ, ಒಂದು ತಾರೀಖು, ಏನಾದರೂ ಇದೆಯೇ? ಇದ್ದರೆ ‘ಸುಳ್ಳೆಂದು ಸಾಬೀತುಪಡಿಸಿದರು’. ಇಲ್ಲದಿದ್ದರೆ ‘ಅಲ್ಲಗಳೆದರು’. ಶೀರ್ಷಿಕೆಯಲ್ಲಿ ಜಾಗವೂ ಉಳಿಯುತ್ತದೆ.