ಒಂದೇ ಸಾಲಿನ ತಂಗಿಯರು

ಜೇನ್ ಆಸ್ಟೆನ್ ಎಂಬ ಇಂಗ್ಲಿಷ್ ಲೇಖಕಿಯ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಪ್ರಕಟವಾದದ್ದು 1813ರಲ್ಲಿ. ಅದು ಮೊದಲಿನಿಂದ ಕೊನೆಯವರೆಗೆ ಮದುವೆಯದ್ದೇ ಕತೆ. ಬೆನೆಟ್ ದಂಪತಿಗೆ ಐದು ಹೆಣ್ಣುಮಕ್ಕಳು, ಗಂಡುಮಗ ಇಲ್ಲ. ಅಪ್ಪ ತೀರಿಕೊಂಡರೆ ಮನೆ, ಭೂಮಿ ಎಲ್ಲ ಕಾಲಿನ್ಸ್ ಎಂಬ ಸಂಬಂಧಿಕ ಪಾದ್ರಿಗೆ ಹೋಗುತ್ತದೆ. ಹಾಗಾಗಿ ಮಕ್ಕಳ ಮದುವೆ ಅಂದರೆ ತಲೆಯ ಮೇಲಿನ ಸೂರಿನ ಪ್ರಶ್ನೆಯೂ ಹೌದು.

ಕಾಲೇಜಿನಲ್ಲಿ ಓದಿದಾಗ ನನಗೆ ಕಂಡದ್ದು ನಾಯಕಿ ಎಲಿಜಬೆತ್ ಮತ್ತು ಅವಳನ್ನು ಮದುವೆಯಾಗುವ ಡಾರ್ಸಿ ಮಾತ್ರ. ಕಳೆದ ಮಳೆಗಾಲದಲ್ಲಿ ಪುನಃ ಓದಿದೆ. ಆಗ ಹಿಂದೆ ನಿಂತವರು ಕಣ್ಣಿಗೆ ಬಿದ್ದರು.

ಒಬ್ಬಳು ಆನ್, ಡಾರ್ಸಿಯ ತಾಯಿಯ ಒಡಹುಟ್ಟಿದವಳ ಮಗಳು. ನಮ್ಮ ಲೆಕ್ಕದಲ್ಲಿ ಇವರು ಅಣ್ಣ-ತಂಗಿ, ಅಲ್ಲಿ ಹಾಗಿಲ್ಲ. ತೊಟ್ಟಿಲಲ್ಲಿದ್ದಾಗಲೇ ಇಬ್ಬರ ಮದುವೆ ಮಾತಾಗಿತ್ತು ಅಂತ ಅವಳ ತಾಯಿ ಸಾಧಿಸುತ್ತಾಳೆ. ಆದರೆ ಇಡೀ ಕಾದಂಬರಿಯಲ್ಲಿ ಆನ್ ಆಡಿದ ಒಂದು ಮಾತೂ ನಮಗೆ ಕೇಳಿಸುವುದಿಲ್ಲ.

ಇನ್ನೊಬ್ಬಳು ಮೇರಿ ಕಿಂಗ್. ಅವಳದ್ದು ಬರೀ ಹೆಸರು ಬರುತ್ತದೆ. ಅಜ್ಜ ಸತ್ತು 10,000 ಪೌಂಡ್ ಬಂದದ್ದೇ ತಡ, ಅಷ್ಟರವರೆಗೆ ಎಲಿಜಬೆತ್‌ಳ ಹಿಂದಿದ್ದ ವಿಕಮ್ ಇವಳ ಕಡೆಗೆ ತಿರುಗುತ್ತಾನೆ. ಆಮೇಲೆ ಇವಳು ಲಿವರ್‌ಪೂಲಿನಲ್ಲಿರುವ ಮಾವನ ಹತ್ತಿರ ಹೋಗುತ್ತಾಳೆ. ವಿಕಮ್ ಬಚಾವಾದ ಅಂತ ಎಲಿಜಬೆತ್‌ಳ ತಂಗಿಗೆ ಖುಷಿ. ಬಚಾವಾದದ್ದು ಮೇರಿ ಅಂತ ಎಲಿಜಬೆತ್ ತಿದ್ದುತ್ತಾಳೆ.

ನನ್ನನ್ನು ತಡೆದು ನಿಲ್ಲಿಸಿದವರು ಬೇರೆ. ಎಲಿಜಬೆತ್‌ಳ ಗೆಳತಿ ಷಾರ್ಲಟ್‌ಗೆ 27 ವರ್ಷ. ರೂಪ, ಹಣ ಎರಡೂ ಕಡಿಮೆ. ಎಲಿಜಬೆತ್ ಬೇಡ ಅಂದ ಅದೇ ಕಾಲಿನ್ಸ್, ಮೂರು ದಿನದೊಳಗೆ ಷಾರ್ಲಟ್‌ಳನ್ನು ಕೇಳುತ್ತಾನೆ. ಅವಳು ಒಪ್ಪುತ್ತಾಳೆ. ಆಗ ಅವಳ ಮನೆಯಲ್ಲಿ ಏನಾಯಿತು ಅಂತ ಲೇಖಕಿ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತಾಳೆ. ಇನ್ನು ತಾವು ಬೇಗ ಸಭೆ-ಸಮಾರಂಭಕ್ಕೆ ಕಾಲಿಡಬಹುದು ಅಂತ ತಂಗಿಯರಿಗೆ ಆಸೆ ಹುಟ್ಟಿತು. ಅಕ್ಕ ಮದುವೆಯಿಲ್ಲದೆ ಉಳಿಯುವಳೋ ಎಂಬ ಹೆದರಿಕೆ ತಮ್ಮಂದಿರಿಗೆ ಹೋಯಿತು. ಅಷ್ಟೇ. ಷಾರ್ಲಟ್ ಸುಖವಾಗಿರುವಳೋ ಅಂತ ಕೇಳಿದವರು ಆ ಸಾಲಿನಲ್ಲಿ ಯಾರೂ ಇಲ್ಲ.

ಪುಸ್ತಕ ಮಡಚಿಟ್ಟೆ. ನಮ್ಮ ಅಕ್ಕನಿಗೆ 29 ದಾಟಿದಾಗ ಒಂದು ಸಂಬಂಧ ಬಂತು. ಹುಡುಗನಿಗೆ ಸಿಟ್ಟು ಜಾಸ್ತಿ ಅಂತ ಎಲ್ಲರಿಗೂ ಗೊತ್ತಿತ್ತು. ಅಕ್ಕ ಒಂದು ದಿನ ಸುಮ್ಮನಿದ್ದು “ಆಯ್ತು” ಅಂದಳು. ಅಂದು ರಾತ್ರಿ ನಾನೂ ತಂಗಿಯೂ ಚಾಪೆಯಲ್ಲಿ ಮಲಗಿ, ಇನ್ನು ನಮ್ಮ ಸರದಿ ಅಂತ ಪಿಸುಗುಟ್ಟಿ ನಕ್ಕದ್ದು ನನಗೆ ನೆನಪುಂಟು. ಅಕ್ಕ ಅದೇ ಕೋಣೆಯಲ್ಲಿದ್ದಳು.

ಮದುವೆಯ ಕತೆಯಲ್ಲಿ ಇಂಥ ಸಣ್ಣ ಪಾತ್ರಗಳು ಯಾಕೆ ಬೇಕು ಅಂತ ಈಗ ನನಗೆ ಅರ್ಥವಾಗುತ್ತದೆ. ನಾಯಕ-ನಾಯಕಿಯರ ಪ್ರೀತಿ ಮುಂದೆ ನಡೆಯುತ್ತಿರುವಾಗ, ಮದುವೆಯಿಂದ ಯಾರಿಗೆ ಏನು ಸಿಕ್ಕಿತು, ಬೆಲೆ ಕೊಟ್ಟವರು ಯಾರು ಎಂಬ ಲೆಕ್ಕ ಹಿಂದೆ ನಿಂತವರ ಹತ್ತಿರ ಇರುತ್ತದೆ. ನಾನೂ ಆ ಲೆಕ್ಕದಲ್ಲಿ ಲಾಭ ಪಡೆದವಳು.

ಷಾರ್ಲಟ್ ಮದುವೆಯಾದ ಮೇಲೆ ತಾನು ಕೂರುವುದಕ್ಕೆ ಮನೆಯ ಹಿಂದಿನ ಕೋಣೆಯನ್ನು ಆರಿಸಿಕೊಳ್ಳುತ್ತಾಳೆ. ಮಾರ್ಗ ಕಾಣುವ ಮುಂದಿನ ಕೋಣೆ ಗಂಡನಿಗೆ ಇಷ್ಟ. ಅವನು ಅಲ್ಲೇ ಇರಲಿ ಅಂತ. ದೀಪಾವಳಿಗೆ ಅಕ್ಕನ ಮನೆಗೆ ಹೋದಾಗ ಈ ಕತೆ ಹೇಳಿದೆ. ಅಕ್ಕ ನಕ್ಕಳು. “ಬುದ್ಧಿವಂತೆ ಮಾರಾಯ್ತಿ ಅವಳು!” ಅಂದಳು. ಅಕ್ಕನ ಹೊಲಿಗೆ ಮೆಷಿನ್ ಇರುವುದು ಅಡುಗೆಮನೆಯ ಹಿಂದಿನ ಕೋಣೆಯಲ್ಲಿ. ಭಾವ ಅಲ್ಲಿಗೆ ಬರುವುದು ಕಡಿಮೆ.

ತಂಗಿಯರ ಆ ಒಂದು ಸಾಲನ್ನು ಮಾತ್ರ ಅವಳಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.