ಕತ್ತಾಳೆ ಬೇಲಿಯೂ ಅನಾನಸ್ ದ್ವೀಪವೂ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಿಂದ ಮೊಳಕಾಲ್ಮೂರಿನ ಕಡೆಗೆ ಹೊರಟವರಿಗೆ ಕಾಣುವುದು ಕೆಂಪು ನೆಲ, ಬೋಳು ಗುಡ್ಡ, ಶೇಂಗಾ ಹೊಲ, ಹೊಲದಂಚಿನಲ್ಲಿ ಕತ್ತಾಳೆ. ಪಶ್ಚಿಮ ಘಟ್ಟದ ಮಳೆ ನೆರಳಿನಲ್ಲಿರುವ ಈ ಸೀಮೆ ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲೊಂದು. ಚಳ್ಳಕೆರೆಯ ವಾರ್ಷಿಕ ಸರಾಸರಿ ಮಳೆ 500 ಮಿಲಿಮೀಟರನ್ನೂ ಮುಟ್ಟುವುದಿಲ್ಲ. ಅನಾನಸ್ ಎಂದರೆ ಇಲ್ಲಿಯ ಮಕ್ಕಳಿಗೆ ಸಾಗರ, ಸೊರಬ, ಬನವಾಸಿ ಕಡೆಯ ಹಣ್ಣು.

ಆದರೆ ಆ ಗಿಡದ ಗುಟ್ಟನ್ನು ತಿಳಿಯಲು ಮಲೆನಾಡಿಗೆ ಹೋಗಬೇಕಾಗಿಲ್ಲ. ಬೇಲಿಯ ಕತ್ತಾಳೆಯೇ ಸಾಕು. ಹೆಚ್ಚಿನ ಗಿಡಗಳು ಎಲೆಯ ಪತ್ರರಂಧ್ರಗಳನ್ನು ಹಗಲಿನಲ್ಲಿ ತೆರೆದು ಇಂಗಾಲದ ಡೈ ಆಕ್ಸೈಡನ್ನು ಒಳಗೆಳೆದುಕೊಳ್ಳುತ್ತವೆ. ಅದೇ ದಾರಿಯಲ್ಲಿ ನೀರು ಆವಿಯಾಗಿ ಹೋಗುತ್ತದೆ. ಕತ್ತಾಳೆ, ಪಾಪಾಸುಕಳ್ಳಿ, ಅನಾನಸ್ ಮೂರೂ ರಾತ್ರಿಯ ತಂಪಿನಲ್ಲಿ ರಂಧ್ರ ತೆರೆದು, ಒಳಬಂದ ಅನಿಲವನ್ನು ಆಮ್ಲದ ರೂಪದಲ್ಲಿ ಕೂಡಿಟ್ಟು, ಹಗಲು ರಂಧ್ರ ಮುಚ್ಚಿಕೊಂಡು ಆಹಾರ ತಯಾರಿಸುತ್ತವೆ. ಮೂರರ ತವರೂ ಅಮೆರಿಕ ಖಂಡಗಳೇ.

ಹಾಗಾದರೆ ಅನಾನಸ್ ಇಲ್ಲೇಕೆ ಬೆಳೆಯಬಾರದು? ಬರ ಸಹಿಸುವುದು ಬೇರೆ, ಒಳ್ಳೆಯ ಫಲ ಕೊಡುವುದು ಬೇರೆ. ಹಣ್ಣು ಕೈಗೆ ಬರಲು ಒಂದೂವರೆ ವರ್ಷದಷ್ಟು ಕಾಲ ಬೇಕು. ಅಲ್ಲಿಯವರೆಗೆ ಹದವಾದ ಬಿಸಿಯೂ ಆಗಾಗ ತೇವವೂ ಇರಬೇಕು. ಬಯಲುಸೀಮೆಯ ಬಿರುಬಿಸಿಲು ಹಣ್ಣಿನ ಮೈಯನ್ನೇ ಸುಡುತ್ತದೆ.

ಪೆಸಿಫಿಕ್ ಸಾಗರದ ಹವಾಯಿ ದ್ವೀಪಗಳಲ್ಲೊಂದಾದ ಲನಾಯ್ ಕೂಡ ಮಳೆ ನೆರಳಿನ ನೆಲವೇ. ನೆರೆಯ ಮಾವಿ ದ್ವೀಪದ ಬೆಟ್ಟಗಳು ಅದರ ಮಳೆಯನ್ನು ತಡೆಯುತ್ತವೆ. ಆದರೆ ಸುತ್ತಲಿನ ಕಡಲು ಅಲ್ಲಿಯ ಸೆಕೆಯನ್ನು ಹದದಲ್ಲಿಟ್ಟಿದೆ. 1922ರಲ್ಲಿ ಜೇಮ್ಸ್ ಡೋಲ್ ಹೆಚ್ಚುಕಡಿಮೆ ಇಡೀ ದ್ವೀಪವನ್ನೇ ಕೊಂಡು ಅನಾನಸ್ ತೋಟ ಮಾಡಿಸಿದರು. ಕೆಲಸಗಾರರಿಗಾಗಿ ಒಂದು ಊರೇ ಎದ್ದಿತು. ಕೂಲಿ ಅಗ್ಗವಾಗಿದ್ದ ದೇಶಗಳ ಹಣ್ಣಿನೆದುರು ನಿಲ್ಲಲಾಗದೆ 1992ರಲ್ಲಿ ಕೊನೆಯ ಕೊಯ್ಲು ನಡೆಯಿತು. ಗಿಡ ಬರವನ್ನು ತಾಳಿಕೊಂಡಿತ್ತು. ಒಂದೇ ಬೆಳೆಯನ್ನು ನಂಬಿದ ಊರಿಗೆ ಮಾರುಕಟ್ಟೆಯ ಹೊಡೆತ ತಾಳಲಾಗಲಿಲ್ಲ.

ಎಣ್ಣೆ ಗಿರಣಿಗಳಿಂದ ಹೆಸರಾದ ಚಳ್ಳಕೆರೆಗೂ ಒಂದೇ ಬೆಳೆಯ ಕಷ್ಟ ಹೊಸದಲ್ಲ. ಶೇಂಗಾ ಗಿಡಕ್ಕೆ ಕತ್ತಾಳೆಯ ವಿದ್ಯೆ ಬಾರದು. ಹೂವಿನ ಬುಡದಿಂದ ಹೊರಟ ಕಡ್ಡಿ ಮಣ್ಣಿಗಿಳಿದು ಕಾಯಿ ಕಟ್ಟುವ ಹೊತ್ತಿಗೆ ನೆಲ ಹಸಿಯಾಗಿರಬೇಕು. ಆಗ ಮಳೆ ಕೈಕೊಟ್ಟರೆ ಕಿತ್ತ ಗಿಡದಲ್ಲಿ ಸಿಗುವುದು ಜೊಳ್ಳು. ಬೀಜ, ಗೊಬ್ಬರದ ಸಾಲ ಉಳಿಯುತ್ತದೆ. ಮನೆಮಂದಿ ಕೂಲಿ ಹುಡುಕಿ ಊರು ಬಿಟ್ಟರೆ ಮಕ್ಕಳ ಓದೂ ನಡುವೆ ನಿಲ್ಲುತ್ತದೆ.

ಹಿರಿಯರು ಶೇಂಗಾ ನಡುವೆ ತೊಗರಿಯ ಅಕ್ಕಡಿ ಸಾಲು ಹಾಕುತ್ತಿದ್ದುದು ಇದಕ್ಕಾಗಿಯೇ. ತೊಗರಿಯ ಬೇರು ಆಳಕ್ಕಿಳಿಯುತ್ತದೆ. ಶೇಂಗಾ ಸೊರಗಿದರೂ ಹಿಂಗಾರು ಮಳೆಗೆ ಅದು ಕಾಯಿ ಕಟ್ಟಬಲ್ಲದು. ಜೊತೆಗೆ ಕುರಿ, ಚಳ್ಳಕೆರೆಯ ಕಂಬಳಿ, ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಮಗ್ಗ. ಒಂದು ತಪ್ಪಿದರೆ ಇನ್ನೊಂದು ಮನೆ ನಡೆಸಲಿ ಎಂಬ ಲೆಕ್ಕ ಅದು. ಶಾಲೆಯಲ್ಲಿ ದ್ಯುತಿಸಂಶ್ಲೇಷಣೆಯ ಪಾಠ ಓದುವ ಮಕ್ಕಳು ಈ ಲೆಕ್ಕವನ್ನೂ ಅಪ್ಪ, ಅವ್ವನ ಬಳಿ ಕೂತು ಕೇಳಿ ತಿಳಿಯುವುದು ಒಳ್ಳೆಯದು.